ಗೋಕಾಕದ ಗುಡ್ಡಗಳಲ್ಲಿ ಬೆಂಕಿಯ ಋತು

ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸಿನ ಸುತ್ತಲಿನ ಮರಳುಗಲ್ಲಿನ ಗುಡ್ಡಗಳು ದಟ್ಟಕಾಡನ್ನು ಹೊರುವ ನೆಲವಲ್ಲ. ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಯಲ್ಲಿ ತೆಳುಮಣ್ಣಿನ ಮೇಲೆ ಬೆಳೆಯುವುದು ಕುರುಚಲು ಕಾಡು, ಅಂದರೆ ಮುಳ್ಳುಕಂಟಿ, ಗಿಡ್ಡಮರ ಮತ್ತು ಅವುಗಳ ನಡುವೆ ಹರಡಿದ ಹುಲ್ಲು. ಮುಂಗಾರಿನಲ್ಲಿ ಎದ್ದ ಈ ಹುಲ್ಲು ದೀಪಾವಳಿ ಕಳೆಯುತ್ತಲೇ ಒಣಗಿ ಕರಡವಾಗುತ್ತದೆ. ಇಂಥ ನೆಲಕ್ಕೆ ಬೆಂಕಿ ಹೊಸದೇನಲ್ಲ. ಬದಲಾಗಿರುವುದು ಅದು ಬೀಳುವ ಕಾಲ, ಅದರ ಕಾವು ಮತ್ತು ಅದನ್ನು ಹಚ್ಚುವ ಕಾರಣ.

ದಖ್ಖಣದ ದನಗಾಹಿಗಳೂ ಕುರಿಗಾಹಿಗಳೂ ಹಳೆಯ ಕರಡವನ್ನು ಅಲ್ಲಲ್ಲಿ ಸುಟ್ಟು ಎಳೆಹುಲ್ಲು ಚಿಗುರಿಸಿಕೊಳ್ಳುತ್ತಿದ್ದುದನ್ನು ವಸಾಹತು ಕಾಲದ ಅರಣ್ಯಾಧಿಕಾರಿಗಳು ಕಾಡಿನ ನಾಶವೆಂದೇ ಕಂಡರು. 1860ರ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಅರಣ್ಯದಲ್ಲಿ ಬೆಂಕಿಯನ್ನು ಪೂರ್ತಿ ತಡೆಯುವ ಪ್ರಯೋಗ ಆರಂಭವಾಗಿ, ಅದೇ ಮುಂದೆ ಮಾದರಿಯಾಯಿತು. 1878ರ ಅರಣ್ಯ ಕಾಯ್ದೆಯು ‘ಕಾಯ್ದಿಟ್ಟ ಅರಣ್ಯ’ವೆಂಬ ವರ್ಗವನ್ನು ಗಟ್ಟಿಗೊಳಿಸಿ, ಅದರೊಳಗೆ ಬೆಂಕಿ ಹಚ್ಚುವುದನ್ನು ಅಪರಾಧವಾಗಿಸಿತು. ಗೋಕಾಕವಿರುವ, ಆಗ ಮುಂಬಯಿ ಪ್ರಾಂತದ ಭಾಗವಾಗಿದ್ದ ಬೆಳಗಾವಿ ಜಿಲ್ಲೆಗೂ ಈ ಕಾಯ್ದೆ ಅನ್ವಯಿಸಿತು. 1927ರ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆಗಳು ಆ ನಿಷೇಧವನ್ನೇ ಮುಂದುವರಿಸಿದವು. ಇಲಾಖೆಯೊಳಗೆ ಭಿನ್ನಮತ ಇರಲಿಲ್ಲವೆಂದಲ್ಲ. ಬರ್ಮಾದಲ್ಲಿ ಬೆಂಕಿಯನ್ನು ಅತಿಯಾಗಿ ತಡೆದುದರಿಂದ ತೇಗದ ಸಸಿಗಳು ಮೇಲೇಳುತ್ತಿಲ್ಲವೆಂದು ಅರಣ್ಯಾಧಿಕಾರಿ ಹರ್ಬರ್ಟ್ ಸ್ಲೇಡ್ 1896ರಷ್ಟು ಹಿಂದೆಯೇ ವಾದಿಸಿದ್ದರು. ಆ ಚರ್ಚೆ ತೇಗದ ಲೆಕ್ಕಾಚಾರದಲ್ಲೇ ನಿಂತಿತು. ಪ್ರಾಣಿಪಕ್ಷಿಗಳ ಮಾತು ಅದರಲ್ಲಿ ಹೆಚ್ಚಾಗಿ ಬರಲಿಲ್ಲ.

ನಿಷೇಧದ ಪರಿಣಾಮ ಸ್ಪಷ್ಟವಾಗಿ ದಾಖಲಾದದ್ದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಸೋಲಿಗರು ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ, ಬಿದ್ದ ಎಲೆಗಳನ್ನಷ್ಟೇ ಸುಡುವ ‘ತರಗು ಬೆಂಕಿ’ ಹಾಕುತ್ತಿದ್ದರು. ಮೆಲ್ಲಗೆ ಹರಿದು ಅಲ್ಲಲ್ಲೇ ಆರುವ ಈ ಬೆಂಕಿಗೆ ದೊಡ್ಡ ಮರಗಳು ಸಾಯುತ್ತಿರಲಿಲ್ಲ. 1974ರಲ್ಲಿ ಬೆಟ್ಟವು ವನ್ಯಧಾಮವಾದ ಮೇಲೆ ಈ ಪದ್ಧತಿ ನಿಂತಿತು. ಬಳಿಕ ನೆಲ್ಲಿಮರಗಳ ಮೇಲೆ ಬದನಿಕೆ, ಅಂದರೆ ಮರದ ರಸ ಹೀರಿ ಬದುಕುವ ಪರಾವಲಂಬಿ ಸಸ್ಯ, ಹೆಚ್ಚಿತೆಂದು ಸೋಲಿಗರು ಹೇಳುತ್ತಾರೆ. ಲಂಟಾನ ಪೊದೆಯಂತೂ 1997ರಿಂದ 2008ರೊಳಗೆ ಸುಮಾರು ದುಪ್ಪಟ್ಟು ಜಾಗಕ್ಕೆ ಹರಡಿತೆಂದು ಸಂಶೋಧಕರ ಅಳತೆಗಳು ತೋರಿಸಿವೆ. ಲಂಟಾನ ಹಬ್ಬಿದೆಡೆ ಹುಲ್ಲು ಕುಗ್ಗಿ ಜಿಂಕೆ, ಕಡವೆ, ಕಾಟಿಗಳ ಮೇವು ಇಲ್ಲವಾಗುತ್ತದೆ. ಒಣಗಿದ ಅದೇ ಪೊದೆ ಬೆಂಕಿಯನ್ನು ನೆಲದಿಂದ ಮರದ ತುದಿಗೆ ಏರಿಸುತ್ತದೆ. ನೆರೆಯ ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಉರಿದುಹೋದಾಗ ಕಂಡದ್ದು ತರಗು ಬೆಂಕಿಯಲ್ಲ, ಕೂಡಿಬಿದ್ದ ಉರುವಲಿನ ಬೆಂಕಿ. ಎಲ್ಲ ಬೆಂಕಿಯನ್ನೂ ಶತ್ರುವೆಂದು ಎಣಿಸಿದ ನೀತಿ ಸಣ್ಣ ಬೆಂಕಿಯನ್ನು ಗೆದ್ದು ದೊಡ್ಡದಕ್ಕೆ ಸೋತಿತೆಂದರೆ ತಪ್ಪಾಗಲಾರದು.

ಇತ್ತ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬದಲಾವಣೆ ನೀರಿನೊಡನೆ ಬಂದಿತು. 19ನೆಯ ಶತಮಾನದ ಕೊನೆಯಲ್ಲಿ ಧೂಪದಾಳದ ಒಡ್ಡಿನಿಂದ ಹೊರಟ ಕಾಲುವೆ, ಅನಂತರ ಹಿಡಕಲ್ ಜಲಾಶಯ ಸೇರಿ ಜೋಳದ ಸೀಮೆಯನ್ನು ಕಬ್ಬಿನ ಸೀಮೆಯಾಗಿಸಿದವು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚುವುದು ರೂಢಿ; ಗುಡ್ಡದಂಚಿನ ಹೊಲದಲ್ಲಿ ಹಚ್ಚಿದ ಕಿಡಿ ಗಾಳಿಗೆ ಹಾರಿದರೆ ಕರಡಕ್ಕೆ ತಗಲಲು ಹೊತ್ತು ಬೇಕಿಲ್ಲ. ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಜ್ಯದ ಬಯಲುಸೀಮೆಗಳಲ್ಲಿ ನೆಟ್ಟ ನೀಲಗಿರಿಯ ಎಣ್ಣೆ ತುಂಬಿದ ಎಲೆಗಳೂ ಕಾವನ್ನು ಹೆಚ್ಚಿಸುವಂಥವು. ಹೊಸ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅದೂ ಮುಖ್ಯವಾಗಿ ಅಂತರ್ಜಲದ ಕಾರಣಕ್ಕೆ.

ಕುರುಚಲು ಕಾಡಿನ ಜೀವಿಗಳಿಗೆ ಬೆಂಕಿಗಿಂತ ಅದರ ತಿಂಗಳೇ ಮುಖ್ಯ. ಹುಲ್ಲು ಉರಿಯುವಲ್ಲಿ ಕಾಜಾಣ, ನೀಲಕಂಠಗಳು ಹಾರಿಬರುವ ಮಿಡತೆಗಳನ್ನು ಹಿಡಿಯಲು ನೆರೆಯುತ್ತವೆ. ಮಳೆ ಬಿದ್ದೊಡನೆ ಚಿಗುರುವ ಹುಲ್ಲು ಮೊಲಕ್ಕೂ ಒದಗುತ್ತದೆ. ಆದರೆ ತೋಳದ ಮರಿಗಳು ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಗುಹೆ, ಬಿಲಗಳಲ್ಲಿರುತ್ತವೆ. ಗೌಜಲಹಕ್ಕಿ ಬೇಸಿಗೆಯಲ್ಲೂ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಇಡೀ ಗುಡ್ಡ ಒಮ್ಮೆಗೇ ಉರಿದರೆ ಮೊಟ್ಟೆಗೆ ಉಳಿಗಾಲವಿಲ್ಲ, ಓಡಿದ ಪ್ರಾಣಿಗೆ ಮೊದಲಿನಂತೆ ಸುಡದೆ ಉಳಿದ ಪಕ್ಕದ ಹುಲ್ಲಿನ ಆಸರೆಯೂ ಇಲ್ಲ. ಕಬ್ಬಿನ ಹೊಲಗಳು ಸುತ್ತುವರಿದ ಗುಡ್ಡದಿಂದ ಹೊರಬಿದ್ದ ತೋಳ ಸೇರುವುದು ಊರಂಚಿನ ಕುರಿಹಟ್ಟಿಯನ್ನು.

ಆದ್ದರಿಂದ ಅರಣ್ಯ ಇಲಾಖೆಯ ದಾಖಲೆಗಳಲ್ಲಿ ಸುಟ್ಟ ವಿಸ್ತೀರ್ಣದ ಜೊತೆಗೆ ಸುಟ್ಟ ತಿಂಗಳಿಗೂ ಅಷ್ಟೇ ಬೆಲೆ ಸಿಗಬೇಕು. ಗುಡ್ಡದ ಸುತ್ತ ಹುಲ್ಲು ಸವರಿ ತೆರವುಗೊಳಿಸುವ ಬೆಂಕಿ ರೇಖೆಗಳು ಜನವರಿಯೊಳಗೇ ಸಿದ್ಧವಾಗಬೇಕು. ಗುಡ್ಡದಂಚಿನ ರೈತರು ರವದಿಯನ್ನು ಸುಡದೆ, ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಹೊದಿಕೆಯಾಗಿ ಹಾಸಬೇಕು.