ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಕುರುಚಲು ಕಾಡು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ ಹಾಗೂ ಬೀಳಗಿ ಸೀಮೆಯ ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ಬೆಳೆಯುವ ಮುಳ್ಳುಪೊದೆ, ಕಳ್ಳಿ ಮತ್ತು ಹುಲ್ಲುಗಳ ಸಸ್ಯಸಮೂಹಕ್ಕೆ ಕುರುಚಲು ಕಾಡು ಎಂದು ಹೆಸರು. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇದು ಬೋಳುಗುಡ್ಡವಾಗಿಯೇ ಕಾಣುತ್ತದೆ. ಸರ್ಕಾರಿ ಲೆಕ್ಕದಲ್ಲಿ ದೊರೆತ ಸ್ಥಾನವೂ ಅದಕ್ಕಿಂತ ಹೆಚ್ಚಿನದಲ್ಲ. ಉಪಗ್ರಹ ಚಿತ್ರಗಳ ಆಧಾರದಿಂದ ಸಿದ್ಧಪಡಿಸಲಾಗುವ ಭಾರತದ ಪಾಳುಭೂಮಿ ನಕಾಶೆಯು ಕುರುಚಲು ನೆಲವನ್ನೂ ಬಂಡೆ ನೆಲವನ್ನೂ ಪಾಳುಭೂಮಿಯ ಪಟ್ಟಿಯಲ್ಲಿಯೇ ಸೇರಿಸಿದೆ. ಅಲ್ಲಿ ಏನು ಬೆಳೆದಿದೆ ಎಂಬುದನ್ನು ನೋಡಿದರೆ ಈ ಹೆಸರು ಸರಿಯಲ್ಲವೆಂದು ತಿಳಿಯುತ್ತದೆ.

ಈ ಸೀಮೆ ಮರುಭೂಮಿಯಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550ರಿಂದ 600 ಮಿ.ಮೀ. ಮಳೆಯಾಗುತ್ತದೆ. ಪಶ್ಚಿಮ ಘಟ್ಟದ ಮಳೆಯ ನೆರಳಿನಲ್ಲಿರುವುದರಿಂದ ಮುಂಗಾರು ಇಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯೇ ಆಧಾರ. ಆದರೆ ಬಿದ್ದ ನೀರು ಕಲ್ಲಿನ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಆದಕಾರಣ ಗುಡ್ಡದ ಮೇಲಿನ ಗಿಡ ಅನುಭವಿಸುವ ಬರವು ಕೆಳಗಿನ ಹೊಲದ ಬರಕ್ಕಿಂತ ಬಹಳ ಕಠಿಣವಾದುದು. ಕೃಷ್ಣಾ, ಘಟಪ್ರಭಾ ನದಿಗಳ ನೀರುಂಡು ಕಬ್ಬು ಬೆಳೆಯುವ ಎರೆಭೂಮಿಯ ಪಕ್ಕದಲ್ಲಿಯೇ ಕಳ್ಳಿ ಬೆಳೆಯುವ ಗುಡ್ಡವಿರುವುದಕ್ಕೆ ಕಾರಣವಿದು.

ಇನ್ನೊಂದು ಕಾರಣ ಕಲ್ಲಿನಲ್ಲಿದೆ. ಈ ಭಾಗದಲ್ಲಿ ಎರಡು ಬಗೆಯ ಶಿಲೆಗಳು ಸಂಧಿಸುತ್ತವೆ. ಉತ್ತರದಲ್ಲಿ ದಖ್ಖನ್ ಟ್ರ್ಯಾಪ್ ಎಂಬ ಜ್ವಾಲಾಮುಖಿ ಶಿಲೆ; ದಕ್ಷಿಣದಲ್ಲಿ ಕಲಾದಗಿ ಶಿಲಾಸಮೂಹ. ಕಲಾದಗಿ ಊರಿನ ಹೆಸರನ್ನೇ ಪಡೆದ ಈ ಸಮೂಹವನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ವಿವರಿಸಿದರು. ಟ್ರ್ಯಾಪ್ ಶಿಲೆ ಸವೆದರೆ ನೀರು ಹಿಡಿದಿಡುವ ಎರೆಮಣ್ಣಾಗುತ್ತದೆ. ಕಲಾದಗಿ ಸಮೂಹದ ಕ್ವಾರ್ಟ್‌ಜೈಟ್ ಮತ್ತು ಮರಳುಗಲ್ಲು ಸುಲಭವಾಗಿ ಸವೆಯುವುದಿಲ್ಲ. ಸವೆದರೂ ಉಳಿಯುವುದು ತೆಳುವಾದ ಮರಳುಮಣ್ಣು.

ಗುಡ್ಡದ ನೆತ್ತಿಯಿಂದ ಬುಡದವರೆಗೆ ಇಳಿಯುತ್ತ ಬಂದರೆ ಸಸ್ಯಗಳು ಬದಲಾಗುತ್ತ ಹೋಗುವುದನ್ನು ಕಾಣಬಹುದು. ಬೋಳು ಹಾಸುಬಂಡೆಯ ಮೇಲೆ ಕಲ್ಲುಹೂವು ಮಾತ್ರ. ಬಂಡೆಯ ತಗ್ಗುಗಳಲ್ಲಿ ಬೆರಳೆತ್ತರದ ಮಣ್ಣು ನಿಂತರೆ ಮಳೆಗಾಲದಲ್ಲಿ ಹುಲ್ಲು ಚಿಗುರಿ, ಬೀಜ ಉದುರಿಸಿ, ಡಿಸೆಂಬರ್ ಹೊತ್ತಿಗೆ ಒಣಗುತ್ತದೆ. ಬಂಡೆಯ ಬಿರುಕುಗಳು ಕಳ್ಳಿಯ ಪಾಲು. ನಾಲ್ಕು ಏಣಿನ ಮಂಗರಬಳ್ಳಿಯೂ ಇಂಥಲ್ಲಿಯೇ ಪೊದೆಗಳ ಮೇಲೆ ಹಬ್ಬಿರುತ್ತದೆ. ನಡುವಿನ ಇಳಿಜಾರಿನಲ್ಲಿ ಕಾರೆ, ಕವಳೆ, ಪರಗಿ, ಬೋರೆ, ಬಂದರಿಕೆ, ಹಳದಿ ಹೂವಿನ ಆವರಿಕೆ. ಮೊದಲಿನ ನಾಲ್ಕರ ಹಣ್ಣುಗಳ ರುಚಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಆವರಿಕೆಯ ತೊಗಟೆ ಹಿಂದೆ ಚರ್ಮ ಹದಮಾಡುವವರಿಗೆ ಮುಖ್ಯ ಸಾಮಗ್ರಿಯಾಗಿತ್ತು. ಬುಡದಲ್ಲಿ, ಮೇಲಿನಿಂದ ಕೊಚ್ಚಿಬಂದ ಮಣ್ಣು ಮತ್ತು ಗರಸು ಸೇರಿದಲ್ಲಿ, ಬಿಳಿಜಾಲಿ, ಕರಿಜಾಲಿ, ಬೇವು ಮರಗಳಾಗಿ ನಿಲ್ಲುತ್ತವೆ. ಗುಡ್ಡದ ದಿಕ್ಕಿಗೂ ಮಹತ್ವವಿದೆ. ಸೆಪ್ಟೆಂಬರ್ ಅಂತ್ಯದಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಉತ್ತರದ ಮಗ್ಗುಲಿನಲ್ಲಿ ತೇವ ತುಸು ಹೆಚ್ಚು ದಿನ ಉಳಿಯುತ್ತದೆ.

ಮುಳ್ಳು ಇಲ್ಲಿ ಕೇವಲ ಸ್ವರಕ್ಷಣೆಯ ಆಯುಧವಲ್ಲ. ಹಕ್ಕಿಗಳು ಉದುರಿಸಿದ ಬೇವಿನ ಬೀಜ ಬಯಲಿನಲ್ಲಿ ಮೊಳೆತರೆ ಬಿಸಿಲಿಗೋ ಆಡಿನ ಬಾಯಿಗೋ ಬಲಿಯಾಗುವುದೇ ಹೆಚ್ಚು. ಪೊದೆಯ ನಡುವೆ ಮೊಳೆತರೆ ನೆರಳೂ ಸಿಕ್ಕುತ್ತದೆ, ಬೇಲಿಯೂ ಸಿಕ್ಕುತ್ತದೆ. ಗಿಡ ನೆಡುವ ಉತ್ಸಾಹದಲ್ಲಿ ಮೊದಲು ಪೊದೆ ಸವರಿ ಗುಂಡಿ ತೋಡುವವರು ಗಮನಿಸಬೇಕಾದ ಸಂಗತಿಯಿದು.

ಚದುರಗಳ್ಳಿಯನ್ನು ನೋಡಿದವರು ಅಮೆರಿಕದ ಮರುಭೂಮಿಯ ಕ್ಯಾಕ್ಟಸ್ ನೆನೆಯುವುದುಂಟು. ಇವೆರಡಕ್ಕೂ ಕುಲಸಂಬಂಧವಿಲ್ಲ. ಕಳ್ಳಿಯಲ್ಲಿ ಹಾಲಿದೆ, ಕ್ಯಾಕ್ಟಸ್‌ನಲ್ಲಿ ಸಾಮಾನ್ಯವಾಗಿ ಇಲ್ಲ. ಆದರೂ ಎರಡೂ ಕಾಂಡದಲ್ಲಿ ನೀರು ತುಂಬಿಕೊಳ್ಳುತ್ತವೆ. ಎರಡೂ ಹಗಲು ರಂಧ್ರ ಮುಚ್ಚಿ, ರಾತ್ರಿಯ ತಂಪಿನಲ್ಲಿ ಗಾಳಿ ಹೀರುತ್ತವೆ. ನಮ್ಮ ಬೇಲಿಗಳ ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್, ಅಮೆರಿಕದಿಂದ ಬಂದದ್ದು. ದಕ್ಷಿಣ ಭಾರತದಲ್ಲಿ ಅದು ಕೈಮೀರಿ ಹಬ್ಬಿದಾಗ 1926ರಲ್ಲಿ ಸಿಂಹಳದಿಂದ ಕೊಚಿನೀಲ್ ಕೀಟವನ್ನು ತರಿಸಿ ಬಿಟ್ಟು ಹತೋಟಿಗೆ ತರಲಾಯಿತು.

ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ರೂಪಿಸಿದ ಅರಣ್ಯ ವರ್ಗೀಕರಣವು ದಕ್ಷಿಣದ ಮುಳ್ಳುಕುರುಚಲನ್ನು ಮುಳ್ಳುಕಾಡು ಕ್ಷೀಣಿಸಿದ ಹಂತವೆಂದು ಪರಿಗಣಿಸುತ್ತದೆ. ಮೇವು, ಕಟ್ಟಿಗೆ, ಬೆಂಕಿಯಿಂದ ಕಾಡು ಸೊರಗಿರುವುದು ನಿಜವೇ. ಆದರೆ ಮಣ್ಣೇ ನಿಲ್ಲದ ಬಂಡೆಯ ಇಳಿಜಾರಿನಲ್ಲಿ ದಟ್ಟ ಮರಗಾಡು ಎಂದಾದರೂ ಇದ್ದಿತೆಂದು ಊಹಿಸುವುದು ಕಷ್ಟ. ಅಲ್ಲಿ ಕುರುಚಲೇ ಸಹಜ ರೂಪವೆನ್ನುವುದು ಹೆಚ್ಚು ಯುಕ್ತ.

ಈಗಿನ ದೊಡ್ಡ ಆತಂಕ ಬಳ್ಳಾರಿ ಜಾಲಿಯದು. ಮಧ್ಯ ಅಮೆರಿಕ ಮೂಲದ ಈ ಗಿಡ 19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂತು. ದನಕರು ಇದರ ಎಲೆಯನ್ನು ಮೂಸುವುದಿಲ್ಲ, ಕಾಯನ್ನು ಮಾತ್ರ ತಿಂದು ಸಗಣಿಯ ಮೂಲಕ ಬೀಜ ಹರಡುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬಡವರ ಒಲೆಗೆ ಇದೇ ಕಟ್ಟಿಗೆ ಎಂಬುದರಿಂದ ತೆಗೆದುಹಾಕಿ ಎನ್ನುವುದೂ ಸುಲಭವಲ್ಲ. ಬೋಳುಬಂಡೆಯ ಮೇಲೆ ಇದರ ಆಟ ಕಡಿಮೆ. ಹಳ್ಳದ ದಂಡೆ ಮತ್ತು ಗುಡ್ಡದ ಬುಡವನ್ನು ಆಕ್ರಮಿಸಿ, ಬಿಳಿಜಾಲಿ, ಬೋರೆಗಳ ಜಾಗ ಕಸಿಯುತ್ತದೆ. ಕಲ್ಲುಗಣಿಗಾರಿಕೆಯಾದರೋ ಗುಡ್ಡವನ್ನೇ ಇಲ್ಲವಾಗಿಸುತ್ತದೆ.

ಇಂಥ ನೆಲಕ್ಕೆ ಕಾನೂನಿನ ರಕ್ಷಣೆ ದೊರೆತದ್ದು ಒಂದು ಪ್ರಾಣಿಯ ದೆಸೆಯಿಂದ. ಬೀಳಗಿ, ಮುಧೋಳ ತಾಲ್ಲೂಕುಗಳ ಸುಮಾರು 96 ಚದರ ಕಿ.ಮೀ. ಪ್ರದೇಶವನ್ನು 2015–16ರ ಅವಧಿಯಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಹುಲ್ಲೆಯ ಜಾತಿಗೆ ಸೇರಿದ ಚಿಂಕಾರ ರಾಜಸ್ಥಾನದ ಮರಳುಗಾಡಿನಲ್ಲಿ ಹೆಚ್ಚು ಪರಿಚಿತ. ಭಾರತದಲ್ಲಿ ಅದರ ನೆಲೆಯ ದಕ್ಷಿಣದ ಅಂಚು ಕರ್ನಾಟಕ. ಎಲೆ, ಚಿಗುರು, ಕಾಯಿಗಳಲ್ಲಿರುವ ನೀರಿನಲ್ಲಿಯೇ ಅದು ಬಹುದಿನ ಕಳೆಯಬಲ್ಲದು. ಅರ್ಥಾತ್, ಬೋರೆ ಮತ್ತು ಜಾಲಿಯ ಪೊದೆಯೇ ಅದಕ್ಕೆ ಮೇವು, ನೆರಳು ಮತ್ತು ಕೆರೆ. 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣವೂ ಚಿಂಕಾರ ಧಾಮವಾಯಿತು. ಆದರೆ ಧಾಮದ ಗಡಿಯಾಚೆ ಜಮಖಂಡಿ, ರಬಕವಿ–ಬನಹಟ್ಟಿ ಕಡೆಗೆ ಚದುರಿರುವ ಸಣ್ಣಪುಟ್ಟ ಗುಡ್ಡಗಳಿಗೆ ಈ ಧಾಮದ ರಕ್ಷಣೆ ಅನ್ವಯಿಸುವುದಿಲ್ಲ.

ಗಿಡಗಳನ್ನು ಗುರುತಿಸಬಯಸುವವರಿಗೆ ಅಕ್ಟೋಬರ್, ನವೆಂಬರ್ ತಿಂಗಳುಗಳು ಅನುಕೂಲ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಆವರಿಕೆ ಹೂಬಿಟ್ಟಿರುತ್ತದೆ. ವನ್ಯಜೀವಿಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.