ಮಾರ್ವೆಲ್ ಸಿನಿಮಾ ಎಲ್ಲಿಂದ ಶುರು ಮಾಡೋದು? ಒಂದು ಜಗಳದ ಇತಿಹಾಸ

ಮಾರ್ವೆಲ್ ಸಿನಿಮಾಗಳನ್ನು ಒಂದೂ ನೋಡಿಲ್ಲ, ಈಗ ಶುರು ಮಾಡಬೇಕು, ಮೊದಲು ಯಾವುದು ನೋಡಲಿ? ಇಬ್ಬರು ಅಭಿಮಾನಿಗಳ ಮುಂದೆ ಹೀಗೆ ಕೇಳಿ ನೋಡಿ, ಜಗಳ ಗ್ಯಾರಂಟಿ. ಒಬ್ಬರು ‘ಐರನ್ ಮ್ಯಾನ್’ ಅಂತಾರೆ, ಇನ್ನೊಬ್ಬರು ‘ಕ್ಯಾಪ್ಟನ್ ಅಮೆರಿಕ’ ಅಂತಾರೆ. ಈ ಜಗಳ ಹುಟ್ಟಿದ್ದು ಹೇಗೆ? ಅದೇ ಇವತ್ತಿನ ವಿಷಯ.

2008ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಬಂದಾಗ ಇಂಥ ಪ್ರಶ್ನೆಯೇ ಇರಲಿಲ್ಲ. ಸಿನಿಮಾ ಮುಗಿದು, ಹೆಸರುಗಳೆಲ್ಲ ಸರಿದ ಮೇಲೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ನಿಕ್ ಫ್ಯೂರಿ ಕತ್ತಲಿನಿಂದ ಎದ್ದು ಬಂದು ‘ಅವೆಂಜರ್ಸ್’ ಅನ್ನೋ ಹೆಸರೆತ್ತುತ್ತಾನೆ. ಅಷ್ಟೇ. ಯಾರಿವನು, ಏನು ಕಥೆ, ಆಗ ಸಿನಿಮಾ ಹೇಳಲಿಲ್ಲ.

ತೊಡಕು ಶುರುವಾದದ್ದು 2011ರಲ್ಲಿ. ಆ ವರ್ಷದ ‘ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್’ ಸರಣಿಯ ಐದನೇ ಸಿನಿಮಾ. ಆದರೆ ಕಥೆ ಬಹುಪಾಲು ನಡೆಯೋದು ಎರಡನೇ ಮಹಾಯುದ್ಧದ ಕಾಲದಲ್ಲಿ. 2019ರ ಮಾರ್ಚ್‌ನಲ್ಲಿ ಬಂದ ‘ಕ್ಯಾಪ್ಟನ್ ಮಾರ್ವೆಲ್’ 21ನೇ ಸಿನಿಮಾ, ಅದರ ಕಥೆ 1995ರದ್ದು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಡಿಸ್ನಿ ಪ್ಲಸ್ ಶುರುವಾಯಿತು. ಮುಂದೆ ಅಲ್ಲಿ ಕಥಾಕಾಲದ ಪ್ರಕಾರ ಜೋಡಿಸಿದ ಪಟ್ಟಿಯೂ ಸೇರಿಕೊಂಡಿತು. ಥಿಯೇಟರ್ ಕಾಲದಲ್ಲಿ ಬಿಡುಗಡೆಯಾದ ಹಾಗೆ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಈಗ ಆಯ್ಕೆ ನಮ್ಮ ಕೈಗೇ ಬಂತು.

ಕಥಾಕಾಲದ ಕ್ರಮ ಕೇಳೋಕೆ ಚೆನ್ನಾಗಿದೆ. ಆದರೆ ಅದನ್ನು ಚಾಚೂ ತಪ್ಪದೆ ಪಾಲಿಸೋದು ಕಷ್ಟ. ‘ದಿ ಫಸ್ಟ್ ಅವೆಂಜರ್’ ಶುರುವಾಗೋದೇ ಇಂದಿನ ಕಾಲದ ಹಿಮದ ನಡುವೆ, ಮುಗಿಯೋದು ಇಂದಿನ ನ್ಯೂಯಾರ್ಕ್‌ನಲ್ಲಿ. ‘ಕ್ಯಾಪ್ಟನ್ ಮಾರ್ವೆಲ್’ ಕಥೆ 1995ರಲ್ಲಿ ಮುಗಿದರೂ, ಹೆಸರುಗಳ ನಡುವೆ ಬರುವ ದೃಶ್ಯ ನೇರವಾಗಿ 2018ರ ‘ಇನ್ಫಿನಿಟಿ ವಾರ್’ ನಂತರಕ್ಕೆ ಹಾರುತ್ತದೆ. ಇದನ್ನು ಎರಡನೆಯದಾಗಿ ನೋಡುವವರಿಗೆ ಅಲ್ಲಿರೋರು ಯಾರು, ಯಾಕೆ ಮಂಕಾಗಿದ್ದಾರೆ, ಒಂದೂ ಅರ್ಥವಾಗಲ್ಲ. ಸ್ವತಃ ಮಾರ್ವೆಲ್‌ನವರೂ ಎಡವಿದ್ದಾರೆ. 2017ರ ‘ಸ್ಪೈಡರ್ ಮ್ಯಾನ್: ಹೋಮ್‌ಕಮಿಂಗ್’ನಲ್ಲಿ ‘ಎಂಟು ವರ್ಷಗಳ ನಂತರ’ ಎಂದು ತೆರೆಯ ಮೇಲೆ ಬರುತ್ತದಲ್ಲ, ಆ ಲೆಕ್ಕ ಉಳಿದ ಸಿನಿಮಾಗಳ ಜತೆ ಕೂಡೋದೇ ಇಲ್ಲ. 2023ರಲ್ಲಿ ಅಧಿಕೃತ ಕಾಲಾನುಕ್ರಮಣಿಕೆಯನ್ನೇ ಒಂದು ಪುಸ್ತಕವಾಗಿ ತರಬೇಕಾಯಿತು.

ನಿಕ್ ಫ್ಯೂರಿಯ ವಿಷಯಕ್ಕೇ ಮತ್ತೆ ಬರೋಣ. ಬಿಡುಗಡೆಯ ಕ್ರಮದಲ್ಲಿ ನೋಡಿದವರು ಅವನ ಕಣ್ಣಿಗೇನಾಯಿತು, ‘ಅವೆಂಜರ್ಸ್’ ಹೆಸರು ಎಲ್ಲಿಂದ ಬಂತು ಅಂತ ತಿಳಿಯೋಕೆ 2019ರವರೆಗೆ ಕಾದರು. ಕಥಾಕಾಲದಲ್ಲಿ ನೋಡುವವರಿಗೆ ಈ ಎರಡೂ ಉತ್ತರ ಎರಡನೇ ಸಿನಿಮಾದಲ್ಲೇ ಸಿಕ್ಕಿಬಿಡುತ್ತವೆ, ಪ್ರಶ್ನೆ ಹುಟ್ಟೋ ಮೊದಲೇ. ಆಮೇಲೆ ‘ಐರನ್ ಮ್ಯಾನ್’ನ ಕತ್ತಲಲ್ಲಿ ಎದ್ದು ಬರೋನು ಬರೀ ಹಳೇ ಪರಿಚಯದವನು.

ಇತಿಹಾಸ ಓದುವವರಿಗೆ ಇದು ಹೊಸದಲ್ಲ. ಘಟನೆ ಯಾವಾಗ ನಡೆಯಿತು ಅನ್ನೋದು ಒಂದು, ಅದು ಜನರಿಗೆ ಯಾವಾಗ ಗೊತ್ತಾಯಿತು ಅನ್ನೋದು ಇನ್ನೊಂದು. ಈ ಸಿನಿಮಾಗಳನ್ನು ಮಾಡಿದವರು ಎರಡನೆಯದನ್ನು ನಂಬಿಕೊಂಡೇ ಕಥೆ ಹೆಣೆದಿದ್ದಾರೆ.

ಹಾಗಾಗಿ ನಿಮ್ಮ ಮನೆಯಲ್ಲಿ ತಂಗಿಯೋ ಮಗನೋ ಮೊದಲ ಸಲ ನೋಡೋಕೆ ಕೂತರೆ, 2008ರಿಂದಲೇ ಶುರು ಮಾಡಿಸಿ. ಕಥಾಕಾಲದ ಪಟ್ಟಿ ಎರಡನೇ ಸಲಕ್ಕಿರಲಿ. ಎರಡನೇ ಸಲ ಎಷ್ಟು ಬಾರಿ ಬೇಕಾದರೂ ಬರುತ್ತೆ, ಮೊದಲನೇ ಸಲ ಬರೋದು ಒಂದೇ ಸಾರಿ. ಮತ್ತೆ ಸಿಗೋಣ.