ಸೊನ್ನೆಗೆ ಸೊನ್ನೆ: 1922ರ ಪಸಡೀನಾ ಪಂದ್ಯ

1922ರ ಜನವರಿ 2ರಂದು ಕ್ಯಾಲಿಫೋರ್ನಿಯಾ ರಾಜ್ಯದ ಪಸಡೀನಾ ನಗರದಲ್ಲಿ ಎರಡು ಅಮೆರಿಕನ್ ಕಾಲೇಜು ತಂಡಗಳು ಆಡಿದ ಫುಟ್‌ಬಾಲ್ ಪಂದ್ಯ 0–0 ಅಂಕಗಳಲ್ಲಿ ಸಮವಾಯಿತು. ರೋಸ್ ಬೌಲ್ ಎಂದು ಕರೆಯುವ ಪಸಡೀನಾದ ಹೊಸವರ್ಷದ ಪಂದ್ಯಗಳ ಪರಂಪರೆಯಲ್ಲಿ ಯಾರೊಬ್ಬರೂ ಒಂದು ಅಂಕವನ್ನೂ ಗಳಿಸದೆ ಮುಗಿದ ಪಂದ್ಯ ಇದೊಂದೇ. ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ.

ಪಸಡೀನಾದ ಹೊಸವರ್ಷದ ಹೂವಿನ ಉತ್ಸವಕ್ಕೆ ಈ ಆಟ ಸೇರಿದ್ದು 1902ರಲ್ಲಿ. ಆ ವರ್ಷ ಮಿಷಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49–0ರಿಂದ ಸೋಲಿಸಿತು. ಆ ಬಳಿಕ ನಿಂತುಹೋದ ಫುಟ್‌ಬಾಲ್ ಮರಳಿದ್ದು 1916ರಲ್ಲಿ. 1922ರ ಪಂದ್ಯ ನಡೆದದ್ದು ಟೂರ್ನಮೆಂಟ್ ಪಾರ್ಕ್ ಎಂಬ ಹಳೆಯ ಮೈದಾನದಲ್ಲಿ. ‘ರೋಸ್ ಬೌಲ್’ ಹೆಸರಿನ, ಬೋಗುಣಿಯಂಥ ದೊಡ್ಡ ಕ್ರೀಡಾಂಗಣದಲ್ಲಿ ಉತ್ಸವದ ಪಂದ್ಯ ಮೊದಲು ನಡೆದದ್ದು 1923ರ ಜನವರಿ 1ರಂದು. ಹಾಗಾಗಿ 1922ರ ಪಂದ್ಯಕ್ಕೆ ಈಗ ಸಲ್ಲುವ ಹೆಸರು ಆಮೇಲೆ ಅಂಟಿದ್ದು.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಆಗ ದೇಶದ ಬಲಿಷ್ಠ ತಂಡಗಳಲ್ಲಿ ಒಂದು. ತರಬೇತುದಾರ ಆಂಡಿ ಸ್ಮಿತ್ ಕಟ್ಟಿದ ಈ ‘ಅದ್ಭುತ ತಂಡ’ 1920ರ ಋತುವಿನಲ್ಲಿ 510 ಅಂಕ ಗಳಿಸಿ ಎದುರಾಳಿಗಳಿಗೆ ಕೊಟ್ಟದ್ದು ಬರೀ 14. 1922ರ ಪಂದ್ಯದ ಹಿಂದಿನ ವರ್ಷ ಇದೇ ಮೈದಾನದಲ್ಲಿ ಒಹಾಯೊ ಸ್ಟೇಟ್ ತಂಡ ಅದರ ಕೈಯಲ್ಲಿ 28–0ರಿಂದ ಸೋತಿತ್ತು. 1920ರಿಂದ 1924ರವರೆಗೆ ಅದು ಒಂದು ಪಂದ್ಯವನ್ನೂ ಸೋಲಲಿಲ್ಲ.

ಎದುರಾಳಿ ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜು ಪೆನ್ಸಿಲ್ವೇನಿಯಾ ರಾಜ್ಯದ ಪುಟ್ಟ ಊರೊಂದರದು. ವಿದ್ಯಾರ್ಥಿಗಳ ಸಂಖ್ಯೆ ಸುಮಾರು 450. ತರಬೇತುದಾರ ‘ಗ್ರೀಸಿ’ ನೀಲ್ 1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ಸಿನ್ಸಿನಾಟಿ ಪರ ಆಡಿದ್ದವನು. ತಂಡ ಆ ಋತುವಿನಲ್ಲಿ ಸೋಲು ಕಂಡಿರಲಿಲ್ಲ, ಆದರೂ ಪಶ್ಚಿಮ ಕರಾವಳಿಯಲ್ಲಿ ಅದರ ಗೆಲುವನ್ನು ನಿರೀಕ್ಷಿಸಿದವರು ವಿರಳ.

ಮೈದಾನ ಮಳೆಗೆ ಕೆಸರಾಗಿತ್ತು. ನೀಲ್ ಅಂದು ಬಳಸಿದ್ದು ಹನ್ನೊಂದೇ ಆಟಗಾರರನ್ನು. ಬದಲಿ ಆಟಗಾರ ಒಬ್ಬನೂ ಒಳಗೆ ಬರಲಿಲ್ಲ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದುವರಿದರೆ ಸಿಗುವ ‘ಫಸ್ಟ್ ಡೌನ್’ ಕ್ಯಾಲಿಫೋರ್ನಿಯಾಕ್ಕೆ ಇಡೀ ಪಂದ್ಯದಲ್ಲಿ ದಕ್ಕಿದ್ದು ಎರಡೇ ಬಾರಿ, ಅದರ ಒಂದು ಪಾಸ್ ಕೂಡ ಗುರಿ ಮುಟ್ಟಲಿಲ್ಲ. ಅದರ ಹೆಸರಾಂತ ಆಟಗಾರ ‘ಬ್ರಿಕ್’ ಮುಲ್ಲರ್, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಹೈಜಂಪ್ ಬೆಳ್ಳಿ ವಿಜೇತ, ಅನಾರೋಗ್ಯದಿಂದಾಗಿ ತಡವಾಗಿ ಅಂಗಣಕ್ಕಿಳಿದ. ವಾಷಿಂಗ್ಟನ್ ಅಂಡ್ ಜೆಫರ್ಸನ್‌ನ ವೇಯ್ನ್ ಬ್ರೆಂಕರ್ಟ್ ಚೆಂಡು ಹಿಡಿದು ಗೆರೆ ದಾಟಿದ್ದುಂಟು. ಸಹ ಆಟಗಾರನ ಆಫ್‌ಸೈಡ್ ತಪ್ಪಿಗೆ ಆ ಟಚ್‌ಡೌನ್ ರದ್ದಾಯಿತು. ಅಂಕಪಟ್ಟಿಯ ಎರಡು ಸೊನ್ನೆಗಳು ಸಮಬಲದ ಆಟವನ್ನು ಸೂಚಿಸುತ್ತವೆ. ಆದರೆ ಆಟದ ವಿವರ ನೋಡಿದರೆ ಮೇಲುಗೈ ಚಿಕ್ಕ ಕಾಲೇಜಿನದೇ.

ಈ ಪಂದ್ಯಕ್ಕೆ ಇನ್ನೊಂದು ಮಹತ್ವವಿದೆ, ಮತ್ತು ಅದೇ ಹಿರಿದು. ವಾಷಿಂಗ್ಟನ್ ಅಂಡ್ ಜೆಫರ್ಸನ್‌ನ ಚಾರ್ಲ್ಸ್ ವೆಸ್ಟ್ ಈ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಆಡಿದ. ತಂಡದ ಆಟವನ್ನು ನಡೆಸುವ ಆ ಸ್ಥಾನದಲ್ಲಿ ರೋಸ್ ಬೌಲ್ ಆಡಿದ ಮೊದಲ ಕಪ್ಪು ಜನಾಂಗದ ಆಟಗಾರ ಅವನು. ಅವನಿಗಿಂತ ಮೊದಲು, 1916ರಲ್ಲಿ, ಬ್ರೌನ್ ವಿಶ್ವವಿದ್ಯಾಲಯದ ಫ್ರಿಟ್ಜ್ ಪೊಲಾರ್ಡ್ ಹಾಫ್‌ಬ್ಯಾಕ್ ಆಗಿ ಆಡಿದ್ದ. 1923ರಲ್ಲಿ, ಬೇರೊಂದು ಪಂದ್ಯಕ್ಕೆ ಮೊದಲು, ವರ್ಜೀನಿಯಾದ ವಾಷಿಂಗ್ಟನ್ ಅಂಡ್ ಲೀ ತಂಡ ವೆಸ್ಟ್ ಇದ್ದರೆ ಆಡುವುದಿಲ್ಲವೆಂದು ಪಟ್ಟುಹಿಡಿಯಿತು. ವಾಷಿಂಗ್ಟನ್ ಅಂಡ್ ಜೆಫರ್ಸನ್ ಅವನನ್ನು ಕೈಬಿಡಲು ಒಪ್ಪದ್ದರಿಂದ ಪಂದ್ಯ ನಡೆಯಲೇ ಇಲ್ಲ. ಕೆಸರಿನ ಮೈದಾನದಲ್ಲಿ ತೋರಿದ ದಿಟ್ಟತನಕ್ಕಿಂತ ಈ ನಿರಾಕರಣೆಯ ತೂಕ ಹೆಚ್ಚು.

ರೋಸ್ ಬೌಲ್‌ನಲ್ಲಿ ಆಮೇಲೆ ಇನ್ನೆರಡೇ ಪಂದ್ಯಗಳು ಸಮವಾದವು: 1924ರಲ್ಲಿ ನೇವಿ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯ 14–14, 1927ರಲ್ಲಿ ಅಲಬಾಮಾ ಮತ್ತು ಸ್ಟ್ಯಾನ್‌ಫರ್ಡ್ 7–7. 1995ರ ಋತುವಿನ ಕೊನೆಯ ಬೌಲ್ ಪಂದ್ಯಗಳಿಂದ, 1996ರಿಂದ ಉಳಿದ ಪಂದ್ಯಗಳಿಗೂ, ಹೆಚ್ಚುವರಿ ಅವಧಿಯ ನಿಯಮ ಬಂತು. ಆಟ ಈಗ ಒಂದು ತಂಡ ಗೆಲ್ಲುವವರೆಗೂ ಮುಂದುವರಿಯುತ್ತದೆ.

ವೆಸ್ಟ್ ಮುಂದೆ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾದಲ್ಲಿ ವೈದ್ಯನಾಗಿ ನೆಲೆಸಿದ.